ಮಾಲು ಕೊಟ್ಟವರೇ ಎದುರು ಅಂಗಡಿ ಇಟ್ಟಾಗ

ಪ್ರಶ್ನೆ: ದಾವಣಗೆರೆಯಲ್ಲಿ ಮನೆಯಿಂದಲೇ ಸೀರೆ ಮಾರುತ್ತೇನೆ. ಜಿಎಸ್‌ಟಿ ನೋಂದಣಿ ಇದೆ. ತಿಂಗಳಿಗೆ ಸುಮಾರು ಒಂದೂವರೆ ಲಕ್ಷ ರೂಪಾಯಿ ಮಾಲು ತರಿಸುವುದು ಸೂರತ್‌ನ ಒಬ್ಬರೇ ಸಗಟು ವ್ಯಾಪಾರಿಯಿಂದ. ವಾಟ್ಸ್‌ಆ್ಯಪ್ ಗುಂಪು, ಇನ್‌ಸ್ಟಾಗ್ರಾಂ, ಜೊತೆಗೆ ಎರಡು ಮಾರ್ಕೆಟ್‌ಪ್ಲೇಸ್‌ಗಳಲ್ಲಿ (ಹಲವು ಮಾರಾಟಗಾರರು ಒಟ್ಟಿಗೆ ಮಾರುವ ಆನ್‌ಲೈನ್ ತಾಣ) ಮಾರಾಟ. ನಾನು 649 ರೂಪಾಯಿಗೆ ಹಾಕಿರುವ ಜಾರ್ಜೆಟ್ ಸೀರೆ ಈಗ ಅದೇ ಫೋಟೊ ಇಟ್ಟುಕೊಂಡು ಬೇರೊಂದು ಅಂಗಡಿಯ ಹೆಸರಿನಲ್ಲಿ 549ಕ್ಕೆ ಸಿಗುತ್ತಿದೆ. ಅದು ನಮ್ಮ ಸಗಟು ವ್ಯಾಪಾರಿಯದೇ ಅಂಗಡಿ ಎಂಬ ಅನುಮಾನ. ಬೇಲಿಯೇ ಎದ್ದು ಹೊಲ ಮೇಯ್ದರೆ ಏನು ಮಾಡುವುದು? ಕಾನೂನಿನಲ್ಲಿ ತಡೆ ಇಲ್ಲವೇ? ಮಾಲು ತರುವ ಕಡೆಯನ್ನು ಬದಲಿಸಲೇ, ಮಾರ್ಕೆಟ್‌ಪ್ಲೇಸ್ ಬಿಟ್ಟುಬಿಡಲೇ?

ಉತ್ತರ: ಕಾನೂನಿನ ಮಾತು ಮೊದಲು ಮುಗಿಸೋಣ, ಅದು ಚಿಕ್ಕದು. ಸಗಟು ವ್ಯಾಪಾರಿ ಚಿಲ್ಲರೆ ಮಾರಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ನಿಮ್ಮಿಬ್ಬರ ನಡುವೆ ಬರಹದ ಒಪ್ಪಂದ ಇಲ್ಲದಿದ್ದರೆ ಅವರು ಯಾರಿಗಾದರೂ, ಎಷ್ಟಕ್ಕಾದರೂ ಕೊಡಬಹುದು. 'ಶೇ 25ರ ನಿಯಮ ಇದೆಯಲ್ಲ' ಎಂದು ಕೆಲವರು ಕೇಳುತ್ತಾರೆ. 2019ರ ಫೆಬ್ರುವರಿಯಿಂದ ಜಾರಿಯಲ್ಲಿರುವ ಆ ನಿಯಮ ವಿದೇಶಿ ಹೂಡಿಕೆಯ ಮಾರ್ಕೆಟ್‌ಪ್ಲೇಸ್‌ಗಳಿಗೆ ಸಂಬಂಧಿಸಿದ್ದು. ಒಬ್ಬ ಮಾರಾಟಗಾರ ತನ್ನ ಖರೀದಿಯಲ್ಲಿ ಶೇ 25ಕ್ಕಿಂತ ಹೆಚ್ಚನ್ನು ಆ ಮಾರ್ಕೆಟ್‌ಪ್ಲೇಸ್‌ನಿಂದಲೋ ಅದರ ಗುಂಪಿನ ಕಂಪನಿಯಿಂದಲೋ ಮಾಡಿದರೆ ಏನು ಎಂಬುದನ್ನಷ್ಟೇ ಅದು ಹೇಳುತ್ತದೆ. ಸೂರತ್‌ನವರು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ವಕೀಲರ ನೋಟಿಸಿಗೆ ದುಡ್ಡು ಸುರಿಯಬೇಡಿ.

ಅನುಮಾನವನ್ನು ಮಾತ್ರ ಖಚಿತ ಮಾಡಿಕೊಳ್ಳಲೇಬೇಕು. ಇಲ್ಲಿ ಮೂರು ಸಾಧ್ಯತೆಗಳಿವೆ, ಮೂರಕ್ಕೂ ಮದ್ದು ಬೇರೆ ಬೇರೆ. ಆ ಅಂಗಡಿ ನಿಜವಾಗಿಯೂ ನಿಮ್ಮ ಸಗಟು ವ್ಯಾಪಾರಿಯದಿರಬಹುದು. ಅವರಿಂದಲೇ ಮಾಲು ತರುವ, ನಿಮ್ಮಂಥದೇ ಇನ್ನೊಬ್ಬ ಮಾರಾಟಗಾರ ಲಾಭ ಬಿಟ್ಟು ಮಾರುತ್ತಿರಬಹುದು. ಇಲ್ಲವೇ ನೀವು 'ತಯಾರಕ' ಎಂದುಕೊಂಡವರೇ ಮಧ್ಯವರ್ತಿಯಾಗಿದ್ದು, ಅವರಿಗೆ ಮಾಲು ಕೊಡುವವರು ನೇರ ಮಾರಾಟಕ್ಕೆ ಇಳಿದಿರಬಹುದು. ಮೂರನೆಯದು ಜನ ಅಂದುಕೊಳ್ಳುವುದಕ್ಕಿಂತ ಸಾಮಾನ್ಯ. ಸೂರತ್‌ನಲ್ಲಿ ಗ್ರೇ ಬಟ್ಟೆ (ಇನ್ನೂ ಬಣ್ಣ ಹಾಕದ ಬಟ್ಟೆ) ನೇಯುವವರು ಒಬ್ಬರು, ಪಾಂಡೇಸರ, ಸಚಿನ್ ಕಡೆಯ ಮಿಲ್ಲುಗಳಲ್ಲಿ ಬಣ್ಣ ಹಾಕಿ ಪ್ರಿಂಟ್ ಮಾಡುವವರು ಇನ್ನೊಬ್ಬರು, ಲೇಸು, ಕಲ್ಲಿನ ಕೆಲಸ ಜಾಬ್‌ವರ್ಕ್‌ನಲ್ಲಿ, ಅಂದರೆ ಕೂಲಿಗೆ, ಮಾಡಿಕೊಡುವವರು ಮತ್ತೊಬ್ಬರು, ರಿಂಗ್ ರೋಡ್ ಮಾರುಕಟ್ಟೆಗಳಲ್ಲಿ ಕ್ಯಾಟಲಾಗ್ ಮಾಡಿ ಮಾರುವವರು ಇನ್ನೂ ಬೇರೆ. ಅದರಾಚೆಗೆ ಒಂದು ಮೀಟರ್ ಬಟ್ಟೆಯನ್ನೂ ಮುಟ್ಟದೆ ಬರೀ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ದಾಟಿಸುವವರ ದೊಡ್ಡ ಸಾಲೇ ಇದೆ.

ಪತ್ತೆ ಹೀಗೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ಆ ಸೀರೆಯ ಪುಟದ ಕೆಳಗೆ ಮಾರಾಟಗಾರರ ವಿವರ ಇರುತ್ತದೆ. 2020ರ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಹೆಸರು, ವಿಳಾಸ ತೋರಿಸಲೇಬೇಕು. ಜಿಎಸ್‌ಟಿ ಸಂಖ್ಯೆ ಅಲ್ಲಿ ಕಾಣದಿದ್ದರೆ ಒಂದು ಸೀರೆ ತರಿಸಿ, ಬಿಲ್ಲಿನಲ್ಲಿ ಸಿಗುತ್ತದೆ. ಹದಿನೈದು ಅಕ್ಷರಗಳ ಆ ಸಂಖ್ಯೆಯಲ್ಲಿ ಮೊದಲ ಎರಡು ರಾಜ್ಯದ ಸಂಕೇತ: ಗುಜರಾತ್ 24, ಕರ್ನಾಟಕ 29. ಮೂರರಿಂದ ಹನ್ನೆರಡರವರೆಗಿನ ಹತ್ತು ಅಕ್ಷರ ಪ್ಯಾನ್. ನಿಮ್ಮ ಹಳೆಯ ಖರೀದಿ ಬಿಲ್ಲಿನ ಸಂಖ್ಯೆಯನ್ನು ಪಕ್ಕಕ್ಕಿಟ್ಟು ನೋಡಿ. ಆ ಹತ್ತು ಅಕ್ಷರ ಒಂದೇ ಆದರೆ ಅಂಗಡಿಯ ಹೆಸರು ಏನೇ ಇರಲಿ, ವ್ಯಕ್ತಿ ಒಬ್ಬರೇ. ಪ್ಯಾನ್ ಬೇರೆಯಾಗಿದ್ದರೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ಎರಡೂ ಸಂಖ್ಯೆಗಳನ್ನು ಹುಡುಕಿ ವಿಳಾಸ ಹೋಲಿಸಿ. ಅಣ್ಣನ ಹೆಸರಲ್ಲಿ ಸಗಟು, ತಮ್ಮನ ಹೆಂಡತಿಯ ಹೆಸರಲ್ಲಿ ಆನ್‌ಲೈನ್, ಅಂಗಡಿ ನಂಬರ್ ಮಾತ್ರ ಒಂದೇ, ಇದು ಅಲ್ಲಿ ಮಾಮೂಲು. ತರಿಸಿದ ಸೀರೆಯ ಮಡಿಕೆಯೊಳಗಿನ ಸ್ಟಿಕರ್, ಕವರಿನ ಮೇಲಿನ ರಿಟರ್ನ್ ವಿಳಾಸ ಇವೂ ಸುಳಿವೇ. ಆ ಸೀರೆಯನ್ನು ಅಳೆದೂ ನೋಡಿ. ಅಗ್ಗದ ಬೆಲೆಯ ಗುಟ್ಟು ಎಷ್ಟೋ ಸಲ ಅಳತೆಯಲ್ಲಿ ಇರುತ್ತದೆ: ನಿಮಗೆ ಬಂದದ್ದು ಐದೂವರೆ ಮೀಟರ್ ಸೀರೆ, 80 ಸೆಂಟಿಮೀಟರ್ ಬ್ಲೌಸ್ ಪೀಸ್, ಅಲ್ಲಿ ಸೀರೆ 5.20ಕ್ಕೇ ಮುಗಿದಿರಬಹುದು.

ಇನ್ನು ಲೆಕ್ಕ. ಎಲ್ಲ ನಿರ್ಧಾರವೂ ಇದರ ಮೇಲೆ ನಿಂತಿದೆ, ಹಾಗಾಗಿ ಸ್ವಲ್ಪ ತಾಳ್ಮೆಯಿಂದ ಓದಿ. ಅಂಕಿಗಳು ಉದಾಹರಣೆಗೆ, ಲೆಕ್ಕದ ದಾರಿ ಇದೇ ಇಟ್ಟುಕೊಂಡು ನಿಮ್ಮ ಬಿಲ್ಲಿನ ಅಂಕಿ ಹಾಕಿಕೊಳ್ಳಿ.

ಸೂರತ್ ಬೆಲೆ 380 ರೂಪಾಯಿ ಎಂದುಕೊಳ್ಳಿ. ಅದರ ಮೇಲಿನ ಶೇ 5 ಜಿಎಸ್‌ಟಿ ನಿಮಗೆ ಇನ್‌ಪುಟ್ ಆಗಿ (ಮಾರಾಟದ ಮೇಲೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಮೂಲಕ) ವಾಪಸ್ ಸಿಗುವುದರಿಂದ ಬಿಟ್ಟುಬಿಡಿ. ಲಾರಿ ಬಾಡಿಗೆ ಸೀರೆಗೆ 12. ಅಲ್ಲಿಗೆ ಮಾಲು ಮನೆಗೆ ಬಂದು ಬಿದ್ದ ಬೆಲೆ 392. 649ಕ್ಕೆ ಮಾರಿದಾಗ ಅದರೊಳಗಿನ ಜಿಎಸ್‌ಟಿ ತೆಗೆದರೆ ಕೈಗೆ 618. ಮಾರ್ಕೆಟ್‌ಪ್ಲೇಸ್‌ನ ಶುಲ್ಕ, ಸಾಗಣೆ ಸೇರಿ 85, ಪ್ಯಾಕಿಂಗ್ 10. ಉಳಿದದ್ದು 131. ಕ್ಯಾಶ್ ಆನ್ ಡೆಲಿವರಿ ಇರುವ ಕಡೆ ನೂರಕ್ಕೆ ಇಪ್ಪತ್ತು ವಾಪಸ್ ಬಂತು ಎನ್ನಿ. ಒಂದೊಂದು ವಾಪಸಾತಿಗೂ ಎರಡು ದಾರಿಯ ಸಾಗಣೆ, ಮತ್ತೆ ಇಸ್ತ್ರಿ, ಹೊಸ ಕವರ್, ಕೆಲವು ಸೀರೆ ಕೆಟ್ಟೇ ಹೋಗುವ ನಷ್ಟ ಎಲ್ಲ ಸೇರಿ 170 ಹಿಡಿದರೆ ಒಟ್ಟು 3,400. ಅದನ್ನು ಉಳಿದ 80 ಸೀರೆಗೆ ಹಂಚಿದರೆ ತಲಾ 42. ಉಳಿದದ್ದು 89. ಶೇ 5ರಷ್ಟು ಜಾಹೀರಾತಿಗೆ ಹೋದರೆ, ಹತ್ತಿರ ಹತ್ತಿರ 58.

ಈಗ ಅವರ ಕುರ್ಚಿಯಲ್ಲಿ ಕೂತು ಅದೇ ಲೆಕ್ಕ ಮಾಡಿ. ಸೀರೆಗೆ ಅವರ ಅಸಲು 340, ನಿಮಗೆ ಮಾರಿದಾಗ ಸಿಗುವ ಲಾಭ 40 ಎಂದುಕೊಳ್ಳೋಣ. 549ರಲ್ಲಿ ಜಿಎಸ್‌ಟಿ ಕಳೆದು 523. ಅಸಲು 340, ಶುಲ್ಕ 85, ಪ್ಯಾಕಿಂಗ್ 10 ಹೋಗಿ 88. ವಾಪಸಾತಿಯ 42 ಕಳೆದರೆ 46. ಅಂದರೆ ಒಂದೊಂದೇ ಸೀರೆ ಪ್ಯಾಕ್ ಮಾಡಿ, ದುಡ್ಡಿಗೆ ಕಾದು, ವಾಪಸ್ ಬಂದದ್ದನ್ನು ಬಿಚ್ಚಿ ನೋಡಿ ಅವರು ಗಳಿಸಿದ್ದು ನಿಮಗೆ ಬಂಡಲ್ ಕಟ್ಟಿ ಕೊಡುವುದಕ್ಕಿಂತ ಆರು ರೂಪಾಯಿ ಹೆಚ್ಚು. ವಾಪಸಾತಿ ನೂರಕ್ಕೆ ಇಪ್ಪತ್ತೈದಕ್ಕೆ ಏರಿದರೆ 46 ಇದ್ದದ್ದು 31 ಆಗುತ್ತದೆ. ಜಾಹೀರಾತನ್ನೂ ಹಾಕಿದರೆ ಐದು ರೂಪಾಯಿಗೆ ಇಳಿಯುತ್ತದೆ. ಮತ್ತೇಕೆ ಮಾರುತ್ತಾರೆ? ಉಳಿದ ಬಣ್ಣಗಳನ್ನು ಖಾಲಿ ಮಾಡಲು, ಯಾವ ಡಿಸೈನ್ ಓಡುತ್ತದೆ ಎಂದು ತಿಳಿಯಲು, ಮಿಲ್ಲಿನಲ್ಲಿ ದೊಡ್ಡ ಲಾಟ್ ಹಾಕಿಸುವಷ್ಟು ಒಟ್ಟು ಮಾರಾಟ ತೋರಿಸಲು. ಕೆಲವರು ವಾಪಸಾತಿಯ ಲೆಕ್ಕವನ್ನೇ ಸರಿಯಾಗಿ ಇಟ್ಟಿರುವುದಿಲ್ಲ. ಎರಡು ಸೀಸನ್ ಆದ ಮೇಲೆ ಬಿಡುತ್ತಾರೆ. ಆದರೆ ಅಲ್ಲಿಯವರೆಗೆ ನೀವು ಉಳಿಯಬೇಕಲ್ಲ.

ಅವರಿಗೂ ನಿಮಗೂ ಇರುವ ಅಂತರ ಸೀರೆಗೆ 52 ರೂಪಾಯಿ: ಅವರ ಲಾಭ 40, ನಿಮ್ಮ ಲಾರಿ ಬಾಡಿಗೆ 12. ಅದೇ ಮಾರ್ಕೆಟ್‌ಪ್ಲೇಸ್‌ನಲ್ಲಿ ನೀವೂ 549ಕ್ಕೆ ಇಳಿದರೆ ಜಾಹೀರಾತಿಗೆ ಮೊದಲೇ ಆರು ರೂಪಾಯಿ ನಷ್ಟ. ಬೆಲೆಗೆ ಬೆಲೆ ಕಟ್ಟುವ ಆಟಕ್ಕೆ ಇಳಿಯಲೇಬೇಡಿ ಎನ್ನುವುದು ಇದಕ್ಕೇ. ಅದೇ ಸೀರೆಯನ್ನು ಅದೇ 549ಕ್ಕೆ ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಹಣ ಮೊದಲೇ ಪಡೆದು ಮಾರಿದರೆ? 523ರಲ್ಲಿ ಮಾಲು 392, ಕೊರಿಯರ್ 70, ಪಾವತಿ ಶುಲ್ಕ 11, ಪ್ಯಾಕಿಂಗ್ 10 ಕಳೆದು 40. ಮುಂಗಡ ಕೊಟ್ಟವರು ವಾಪಸ್ ಕಳಿಸುವುದು ತೀರಾ ಕಡಿಮೆ. ಅದಕ್ಕೆ ಐದು ರೂಪಾಯಿ ಹಿಡಿದರೂ 35 ಉಳಿಯಿತು. ನಿಮ್ಮ 52 ರೂಪಾಯಿ ಅಡಗಿರುವುದು ವಾಪಸಾತಿಯಲ್ಲಿ. ಖರೀದಿ ಬೆಲೆ ಐದು ರೂಪಾಯಿ ಇಳಿಸಲು ಸೂರತ್‌ನವರ ಜೊತೆ ಗಂಟೆಗಟ್ಟಲೆ ಚೌಕಾಸಿ ಮಾಡುವುದಕ್ಕಿಂತ ಕ್ಯಾಶ್ ಆನ್ ಡೆಲಿವರಿ ಗಿರಾಕಿಯನ್ನು ಮುಂಗಡಕ್ಕೆ ತರುವುದರಲ್ಲಿ ಹೆಚ್ಚು ಕಾಸಿದೆ.

ಇಷ್ಟಾದರೂ ಇದು ಬರೀ ಬಟ್ಟೆ ಮಾರಿದ ಲೆಕ್ಕ. ಸೂರತ್‌ನವರು ಮಾಡಲಾರದ ಕೆಲಸ ಸೀರೆ ನಿಮ್ಮ ಕೈಗೆ ಬಂದ ಮೇಲೆ ಶುರುವಾಗುತ್ತದೆ. ನಮ್ಮಲ್ಲಿ ಸೀರೆ ಕೊಂಡವರು ಅದನ್ನು ಹಾಗೇ ಉಡುವುದಿಲ್ಲ. ಫಾಲ್ಸ್ ಹಾಕಿಸಬೇಕು, ಜಿಗ್‌ಜಾಗ್ ಮಾಡಿಸಬೇಕು, ಸೆರಗಿಗೆ ಕುಚ್ಚು ಕಟ್ಟಿಸಬೇಕು. ಟೈಲರ್ ಹತ್ತಿರ ಎರಡು ಸಲ ಓಡಾಟ, ಹಬ್ಬದ ಹೊತ್ತಿನಲ್ಲಿ ಹದಿನೈದು ದಿನ ಕಾಯುವುದು. ನಿಮ್ಮ ಊರಲ್ಲೇ ಇಬ್ಬರು ಮೂವರು ಹೆಣ್ಣುಮಕ್ಕಳಿಗೆ ತಿಂಗಳಿಗೆ ಇಷ್ಟು ಸೀರೆ ಎಂದು ಖಾತರಿ ಕೊಟ್ಟು ಫಾಲ್ಸ್-ಜಿಗ್‌ಜಾಗ್‌ಗೆ 60, ಸರಳ ಕುಚ್ಚಿಗೆ 120 ಒಪ್ಪಿಸಿದಿರಿ ಎನ್ನಿ. ಉಡಲು ಸಿದ್ಧವಾದ ಸೀರೆಯನ್ನು 899ಕ್ಕೆ ಇಡಿ. ಜಿಎಸ್‌ಟಿ ಕಳೆದು 856. ಮಾಲು 392, ಕೆಲಸ 180, ಕೊರಿಯರ್ 70, ಪಾವತಿ ಶುಲ್ಕ 18, ಸ್ವಲ್ಪ ಒಳ್ಳೆಯ ಪ್ಯಾಕಿಂಗ್ 15. ಉಳಿಯಿತು 181. ಗಿರಾಕಿಗೂ ಇದರಲ್ಲಿ ಮೋಸವಿಲ್ಲ: 549ರ ಸೀರೆ ಕೊಂಡು ಒಂಟಿ ಸೀರೆಗೆ ಟೈಲರ್ ಕೇಳುವ ದರ ಕೊಟ್ಟು, ಓಡಾಡುವ ಹೊತ್ತಿಗೆ ಅವರಿಗೂ ಹತ್ತಿರ ಹತ್ತಿರ ಅಷ್ಟೇ ಬೀಳುತ್ತದೆ.

ಈ ಕೆಲಸ ಕೆಡುವುದು ಎಲ್ಲಿ ಎಂದರೆ ಫಾಲ್ಸ್ ಬಟ್ಟೆಯಲ್ಲಿ. ಹತ್ತಿಯ ಫಾಲ್ಸನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡದೆ ಹೊಲಿದರೆ ಮೊದಲ ಒಗೆತಕ್ಕೇ ಅದು ಕುಗ್ಗುತ್ತದೆ, ಜಾರ್ಜೆಟ್ ಕುಗ್ಗುವುದಿಲ್ಲ. ಅಂಚಿನುದ್ದಕ್ಕೂ ಸೀರೆ ಸುರುಟಿಕೊಂಡು ನಿಲ್ಲುತ್ತದೆ. ಫೋಟೊ ತೆಗೆದು ಗುಂಪಿಗೆ ಹಾಕಿದರೆ ನಿಮ್ಮ ಹೆಸರು ಹೋಯಿತು. ಬಣ್ಣ ಬಿಡುವ ಫಾಲ್ಸ್ ಇನ್ನೂ ಅಪಾಯ: ನೆನೆಸುವಾಗಲೇ ಬಿಳಿ ಬಟ್ಟೆ ತಾಗಿಸಿ ನೋಡಿ. ಹೊಲಿಗೆ ಸೀರೆಯ ಹೊರಮೈಗೆ ಕಾಣಬಾರದು, ದಾರ ಬಿಗಿಯಾಗಿ ಎಳೆದಿರಬಾರದು. ಕುಚ್ಚಿನಲ್ಲಿ ಮೊದಲಿಗೆ ಎರಡೇ ಮಾದರಿ ಇಡಿ, ಬೇಬಿ ಕುಚ್ಚು ಮತ್ತು ಮಣಿ ಹಾಕಿದ್ದು. ಕ್ರೋಷಾ ಕುಚ್ಚು ಚೆಂದ ನಿಜ, ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಬೇಕೆಂದವರಿಗೆ ಬೇರೆ ದರ. ಬ್ಲೌಸ್ ಹೊಲಿದು ಕೊಡುವ ಸಾಹಸಕ್ಕೆ ಸದ್ಯ ಹೋಗಬೇಡಿ, ಅಳತೆಯ ತಕರಾರು ಲಾಭ ನುಂಗುತ್ತದೆ. ಫಾಲ್ಸ್ ಹಾಕಿದ ಸೀರೆಯನ್ನು 'ಇಷ್ಟವಾಗಲಿಲ್ಲ' ಎಂಬ ಕಾರಣಕ್ಕೆ ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಹಣ ಪಡೆಯುವ ಮೊದಲೇ ಬರೆದು ತಿಳಿಸಿ. ದೋಷವಿದ್ದರೆ, ತೋರಿಸಿದ್ದೇ ಬೇರೆ ಕಳಿಸಿದ್ದೇ ಬೇರೆ ಆದರೆ ಮಾತ್ರ ವಾಪಸ್ ತೆಗೆದುಕೊಳ್ಳಲೇಬೇಕು. ಆ ನಿಯಮದಿಂದ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಇದರ ಜೊತೆಗೆ ಉಡುಗೊರೆ ಸೀರೆ. ಗೃಹಪ್ರವೇಶ, ಸೀಮಂತ, ಮದುವೆ ಮನೆಯವರಿಗೆ ಒಂದೇ ಬೆಲೆಯ, ಬೇರೆ ಬೇರೆ ಬಣ್ಣದ 25-50 ಸೀರೆ ಒಟ್ಟಿಗೆ ಬೇಕು, ಹೇಳಿದ ದಿನಕ್ಕೇ ಬೇಕು, ಎರಡು ಸೀರೆಯಲ್ಲಿ ಕಲೆ ಇದ್ದರೆ ಅವತ್ತೇ ಬದಲಿಸಿ ಕೊಡಬೇಕು. ಮಾರ್ಕೆಟ್‌ಪ್ಲೇಸ್‌ನಲ್ಲಿ ಒಂದೊಂದೇ ಮಾರುವ ಸೂರತ್‌ನವರಿಗೆ ಇದು ಆಗದ ಕೆಲಸ. ಪೂರ್ತಿ ಸೆಟ್ ತೆಗೆದುಕೊಳ್ಳಬೇಕಾದ ಕ್ಯಾಟಲಾಗ್‌ನಲ್ಲಿ ಓಡದೆ ಉಳಿದ ಬಣ್ಣಗಳು ನಿಮ್ಮಲ್ಲೂ ಕಪಾಟಿನ ತಳದಲ್ಲಿ ಇರುತ್ತವಲ್ಲ, ಅವು ಖಾಲಿಯಾಗುವ ದಾರಿಯೂ ಇದೇ.

ಸೋರಿಕೆ ಎಲ್ಲೆಲ್ಲಿ

ನಿಮ್ಮ ಪತ್ರದಲ್ಲಿ ಹೇಳಿಲ್ಲ, ಆದರೆ ಸೂರತ್‌ನಿಂದಲೇ ನೇರವಾಗಿ ಗಿರಾಕಿಗೆ ಕಳಿಸುವ ಡ್ರಾಪ್‌ಶಿಪ್ಪಿಂಗ್ ಏನಾದರೂ ಇಟ್ಟುಕೊಂಡಿದ್ದರೆ ಇವತ್ತೇ ನಿಲ್ಲಿಸಿ. ಪ್ರತಿ ಆರ್ಡರ್ ಜೊತೆ ಗಿರಾಕಿಯ ಹೆಸರು, ಊರು, ಮೊಬೈಲ್ ನಂಬರ್ ಮೂರನ್ನೂ ನೀವೇ ಅವರಿಗೆ ಬರೆದು ಕೊಡುತ್ತಿದ್ದೀರಿ. ಮಾಲು ನಿಮ್ಮಲ್ಲಿಗೆ ಬಂದ ಮೇಲೂ ಮಡಿಕೆಯೊಳಗೆ ಅವರ ಅಂಗಡಿಯ ಸ್ಟಿಕರ್, ವಾಟ್ಸ್‌ಆ್ಯಪ್ ನಂಬರ್ ಇರುವ ಚೀಟಿ ಉಳಿಯುತ್ತವೆ. ಒಂದೊಂದು ಸೀರೆಯನ್ನೂ ಪೂರ್ತಿ ಬಿಚ್ಚಿ ತೆಗೆಯಿರಿ. ಹೇಗೂ ಅಳತೆ, ಕಲೆ ನೋಡಲು ಬಿಚ್ಚಲೇಬೇಕು.

ಎರಡನೆಯ ಸೋರಿಕೆ ಕ್ಯಾಟಲಾಗ್ ಹೆಸರು ಮತ್ತು ಡಿಸೈನ್ ನಂಬರ್. ಲಿಸ್ಟಿಂಗ್ (ಮಾರಾಟದ ಪುಟ) ಶೀರ್ಷಿಕೆಯಲ್ಲಿ ಅವನ್ನು ಹಾಗೇ ಹಾಕಿದರೆ ಗಿರಾಕಿ ನಕಲು ಮಾಡಿ ಹುಡುಕುತ್ತಾರೆ, ಕಡಿಮೆ ಬೆಲೆ ಸಿಕ್ಕೇ ಸಿಗುತ್ತದೆ. ನಿಮ್ಮದೇ ಹೆಸರು, ನಿಮ್ಮದೇ ನಂಬರ್ ಕೊಡಿ. ಮೂರನೆಯದು ಫೋಟೊ. ಕ್ಯಾಟಲಾಗ್ ಫೋಟೊದ ಹಕ್ಕು ಅದನ್ನು ತೆಗೆಸಿದವರದು, ಅವರು ಅದನ್ನು ಇಪ್ಪತ್ತು ಜನರಿಗೆ ಕೊಟ್ಟಿರುತ್ತಾರೆ. ಫೋಟೊ ಹಾಕಿ ಹುಡುಕುವ ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಸೆಕೆಂಡಿನಲ್ಲಿ ಇಪ್ಪತ್ತೂ ಬೆಲೆ ಸಾಲಾಗಿ ನಿಲ್ಲುತ್ತವೆ. ನೀವೇ ತೆಗೆಯಿರಿ: ಬೆಳಗಿನ ಬೆಳಕಿನಲ್ಲಿ, ಬಿಸಿಲು ನೇರ ಬೀಳದ ಕಡೆ, ಉಟ್ಟ ಸೀರೆಯದು ಒಂದು, ಸೆರಗು ಹರಡಿದ್ದು ಒಂದು, ಅಂಚಿನದು ಹತ್ತಿರದಿಂದ, ಹಿಂಬದಿ, ಬ್ಲೌಸ್ ಪೀಸ್. ಫಿಲ್ಟರ್ ಬೇಡ. ಬಣ್ಣ ಬೇರೆ ಬಂತು ಎನ್ನುವುದೇ ಸೀರೆ ವಾಪಸಾತಿಯ ದೊಡ್ಡ ಕಾರಣ. ಅದೇ ಡಿಸೈನ್ ಎರಡನೇ ಸಲ ತರಿಸಿದಾಗ ಬಣ್ಣದ ಲಾಟ್ ಬದಲಾಗಿರುತ್ತದೆ; ಹಳೆಯ ಫೋಟೊ ಇಟ್ಟು ಹೊಸ ಲಾಟ್ ಕಳಿಸಿದರೆ ಗಿರಾಕಿಯ ದೂರು ನ್ಯಾಯವೇ. ಪ್ರತಿ ಲಾಟ್‌ಗೂ ಫೋಟೊ ಬದಲಿಸಿ. ನೀವು ತೆಗೆದ ಫೋಟೊದ ಹಕ್ಕು ನೋಂದಣಿ ಇಲ್ಲದೆಯೂ ನಿಮ್ಮದೇ. ಮೂಲ ಫೈಲ್ ಅಳಿಸದೆ ಇಟ್ಟುಕೊಂಡರೆ, ಕದ್ದು ಹಾಕಿದವರ ಮೇಲೆ ಮಾರ್ಕೆಟ್‌ಪ್ಲೇಸ್‌ಗೆ ದೂರು ಕೊಡುವಾಗ ಅದೇ ಸಾಕ್ಷಿ. ಬಟ್ಟೆಯ ಪ್ರಿಂಟ್ ವಿಷಯದಲ್ಲಿ ಮಾತ್ರ ಇಷ್ಟು ಸುಲಭವಿಲ್ಲ: ಡಿಸೈನ್ ಕಾಯ್ದೆಯಡಿ ನೋಂದಾಯಿಸದೆ 50ಕ್ಕಿಂತ ಹೆಚ್ಚು ಸೀರೆ ಮುದ್ರಿಸಿದರೆ ಆ ಪ್ರಿಂಟಿನ ಮೇಲಿನ ಕೃತಿಸ್ವಾಮ್ಯ ಮುಗಿದಂತೆಯೇ.

ಲಿಸ್ಟಿಂಗ್ ಮತ್ತು ಬ್ರ್ಯಾಂಡ್

ಅಮೆಜಾನ್, ಫ್ಲಿಪ್‌ಕಾರ್ಟ್‌ನಂಥ ಕಡೆ ಇನ್ನೊಂದು ತೊಡಕಿದೆ. ನೀವು ಬ್ರ್ಯಾಂಡ್ ಇಲ್ಲದೆ 'ಜೆನೆರಿಕ್' ಎಂದು ಪುಟ ಮಾಡಿದರೆ, ಅದೇ ಸೀರೆ ನನ್ನಲ್ಲೂ ಇದೆ ಎಂದು ಬೇರೆಯವರು ಅದೇ ಪುಟಕ್ಕೆ ತಗುಲಿಕೊಳ್ಳಬಹುದು. ನೀವು ಗಳಿಸಿದ ರಿವ್ಯೂ ಅವರ ಮಾರಾಟಕ್ಕೆ ದುಡಿಯುತ್ತದೆ. ಇದಕ್ಕೆ ಟ್ರೇಡ್‌ಮಾರ್ಕ್ ಬೇಕು. ವ್ಯಕ್ತಿ ಅಥವಾ ಸಣ್ಣ ಉದ್ಯಮದ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಸರ್ಕಾರಿ ಶುಲ್ಕ ಒಂದು ವರ್ಗಕ್ಕೆ 4,500 ರೂಪಾಯಿ. ಸೀರೆ ಬರುವುದು 25ನೇ ವರ್ಗದಲ್ಲಿ. ದೇವರ ಹೆಸರು, 'ಸಿಲ್ಕ್ಸ್', 'ಸಾರೀಸ್' ಸೇರಿದ ಹೆಸರು ಇಟ್ಟರೆ ಆಕ್ಷೇಪಣೆ ಬರುವುದು ಹೆಚ್ಚು. ಟ್ರೇಡ್‌ಮಾರ್ಕ್ ಪೋರ್ಟಲ್‌ನಲ್ಲಿ ಉಚಿತವಾಗಿ ಹುಡುಕಿ ನೋಡಿಯೇ ಹೆಸರು ಆರಿಸಿ. ಅರ್ಜಿ ಹಾಕಿದ ಮೇಲೆ ಪರಿಶೀಲನೆ, ಜರ್ನಲ್‌ನಲ್ಲಿ ಪ್ರಕಟಣೆ, ನಾಲ್ಕು ತಿಂಗಳ ಆಕ್ಷೇಪಣೆ ಅವಧಿ. ಅಲ್ಲಿಯವರೆಗೆ ಹೆಸರಿನ ಪಕ್ಕ ಟಿಎಂ ಮಾತ್ರ. ವೃತ್ತದೊಳಗಿನ ಆರ್ ಗುರುತು ನೋಂದಣಿಗೆ ಮೊದಲೇ ಹಾಕುವುದು ಅಪರಾಧ.

ಬ್ರ್ಯಾಂಡ್ ಲೇಬಲ್ ನೇಯಿಸಿದ ಮೇಲೆ ಆ ಸುರುಳಿಯನ್ನು ಸೂರತ್‌ಗೆ ಕಳಿಸಬೇಡಿ. ಐನೂರು ಲೇಬಲ್ ಕಳಿಸಿ ನಾನೂರು ಸೀರೆ ತರಿಸಿದರೆ ಉಳಿದ ನೂರು ಎಲ್ಲಿ ಹೋಯಿತು ಎಂದು ಕೇಳಲಾಗುವುದಿಲ್ಲ. ನಿಮ್ಮದೇ ಹೆಸರಿನ ಸೀರೆ ನಿಮ್ಮ ವಿರುದ್ಧ ಮಾರಾಟಕ್ಕೆ ನಿಲ್ಲುತ್ತದೆ. ಫಾಲ್ಸ್ ಹೊಲಿಯುವಾಗ ಒಳಬದಿಗೆ ಇಲ್ಲೇ ಹಾಕಿಸಿ. ನಿಮ್ಮ ಹೆಸರಲ್ಲಿ ಪ್ಯಾಕ್ ಮಾಡಿದ ಮೇಲೆ ಕವರಿನ ಮೇಲೆ ಪ್ಯಾಕ್ ಮಾಡಿದವರ ಹೆಸರು ವಿಳಾಸ, ವಸ್ತುವಿನ ಹೆಸರು, ಸಂಖ್ಯೆ ಮತ್ತು ಅಳತೆ, ತಿಂಗಳು-ವರ್ಷ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ದೂರಿಗೆ ಫೋನ್ ಮತ್ತು ಇ-ಮೇಲ್ ಹಾಕಿ. ಬಟ್ಟೆಯ ಹೆಸರಲ್ಲಿ ಎಚ್ಚರ: ಸೂರತ್‌ನಲ್ಲಿ 'ಡೋಲಾ ಸಿಲ್ಕ್' ಎಂದು ಬರುವುದರಲ್ಲಿ ಬಹುಪಾಲು ಪಾಲಿಯೆಸ್ಟರ್ ಮಿಶ್ರಣ. ಅದು ಪಾಲಿಯೆಸ್ಟರ್ ಎಂದೇ ಬರೆಯಿರಿ. ರೇಷ್ಮೆ ಎಂದುಕೊಂಡು ತರಿಸಿದವರು ವಾಪಸ್ ಕಳಿಸಿಯೇ ಕಳಿಸುತ್ತಾರೆ.

ಬ್ರ್ಯಾಂಡ್ ಇದ್ದ ಮಾತ್ರಕ್ಕೆ ಅವರು ಅದೇ ಬಟ್ಟೆಯನ್ನು ತಮ್ಮ ಪುಟದಲ್ಲಿ ಮಾರುವುದು ನಿಲ್ಲುವುದಿಲ್ಲ, ಇದು ನೆನಪಿರಲಿ. ನಿಮ್ಮ ಪುಟಕ್ಕೆ ತಗುಲಿಕೊಳ್ಳುವುದು ಮಾತ್ರ ನಿಲ್ಲುತ್ತದೆ.

ಸೂರತ್‌ನವರ ಜೊತೆ ಮಾತು

ಜಗಳ ಮಾಡಿ ಬಿಡುವ ಮೊದಲು ಒಂದು ಸಲ ಮಾತಾಡಿ, ಹಬ್ಬದ ಸೀಸನ್ ಆದ ಕೂಡಲೇ. ಆಗ ಅವರ ಗೋಡೌನ್‌ನಲ್ಲಿ ವಾಪಸ್ ಬಂದ ಮಾಲಿನ ರಾಶಿ ಬಿದ್ದಿರುತ್ತದೆ, ಮೇಲಿನ ಲೆಕ್ಕ ಅವರಿಗೂ ಅರ್ಥವಾಗುವ ಹೊತ್ತು ಅದು. 'ಆನ್‌ಲೈನ್ ನಿಲ್ಲಿಸಿ' ಎಂದು ಕೇಳಿದರೆ ಆಗಲಿ ಎಂದು ತಲೆಯಾಡಿಸುತ್ತಾರೆ, ಮೂರನೇ ಹೆಸರಲ್ಲಿ ಮತ್ತೆ ಶುರು ಮಾಡುತ್ತಾರೆ. ಕೇಳಬೇಕಾದದ್ದು ಬೇರೆ: ನಾನು ಆರಿಸಿದ ಒಂದು ಡಿಸೈನ್‌ನಲ್ಲಿ ಈ ಎರಡು ಬಣ್ಣಗಳನ್ನು 90 ದಿನ ಬೇರೆ ಯಾರಿಗೂ ಕೊಡಬೇಡಿ, ನೀವೂ ಹಾಕಬೇಡಿ, ಅದಕ್ಕೆ ಬದಲು ಬಣ್ಣಕ್ಕೆ 24ರಂತೆ 48 ಸೀರೆಯನ್ನು ಮುಂಗಡ ಕೊಟ್ಟು ಎತ್ತುತ್ತೇನೆ. ಸೀರೆಗೆ 6.3 ಮೀಟರ್‌ನಂತೆ 48 ಸೀರೆಗೆ ಸುಮಾರು 302 ಮೀಟರ್ ಬಟ್ಟೆ. ಸ್ಕ್ರೀನ್ ಪ್ರಿಂಟ್‌ನಲ್ಲಿ ಇಷ್ಟು ಚಿಕ್ಕ ಲಾಟ್‌ಗೆ ಮಿಲ್ಲಿನವರು ಒಪ್ಪುವುದು ಕಷ್ಟ. ಡಿಜಿಟಲ್ ಪ್ರಿಂಟ್‌ನಲ್ಲಿ ಧಾರಾಳವಾಗಿ ಆಗುತ್ತದೆ, ಮೀಟರ್ ದರ ಸ್ವಲ್ಪ ಹೆಚ್ಚು. ಹೊಸ ಡಿಸೈನ್ ಮಾಡಿಸಲು ಹೋಗಬೇಡಿ. ಓಡಿದ ಡಿಸೈನ್‌ಗೆ ನಮ್ಮ ಕಡೆ ಓಡುವ ಬಣ್ಣ ಸಾಕು: ಅರಿಸಿನ ಹಳದಿಗೆ ಕುಂಕುಮ ಕೆಂಪಂಚು ಸೂರತ್‌ನ ಸೆಟ್‌ನಲ್ಲಿ ಇಲ್ಲದಿದ್ದರೆ ಅದನ್ನೇ ಮಾಡಿಸಿ.

ಒಪ್ಪಿದ್ದನ್ನು ಒಂದು ಪುಟದ ಖರೀದಿ ಆದೇಶದಲ್ಲಿ ಬರೆದು, ಎರಡೂ ಕಡೆಯ ಸಹಿಯೊಂದಿಗೆ ಇಟ್ಟುಕೊಳ್ಳಿ: ಡಿಸೈನ್ ನಂಬರ್, ಬಣ್ಣದ ತುಂಡು ಬಟ್ಟೆ ಅಂಟಿಸಿದ್ದು, ಅಳತೆ 5.50 ಮತ್ತು 0.80, ದರ, ಕಳಿಸುವ ದಿನ, 90 ದಿನದ ಷರತ್ತು, ಮುರಿದರೆ ಉಳಿದ ಮಾಲು ಅದೇ ದರಕ್ಕೆ ವಾಪಸ್. ಈ ಕೊನೆಯ ಸಾಲಿಗೆ ಒಪ್ಪದವರ ಮೇಲೆ 48 ಸೀರೆಯ ದುಡ್ಡು ಹಾಕಬೇಡಿ. ಜಿಎಸ್‌ಟಿ ಇಲ್ಲದ ಕಚ್ಚಾ ಬಿಲ್ಲಿನಲ್ಲಿ ಮಾಲು ತರುವ ಆಸೆಯೂ ಬೇಡ. ಶೇ 5 ಉಳಿದಂತೆ ಕಂಡರೂ ಇನ್‌ಪುಟ್ ಹೋಗುತ್ತದೆ, ಮಾರ್ಕೆಟ್‌ಪ್ಲೇಸ್ ಖರೀದಿ ಬಿಲ್ ಕೇಳಿದಾಗ ಕೈ ಖಾಲಿ. ಯುಪಿಐ ಜಮೆ ನೋಡಿ ವಾಣಿಜ್ಯ ತೆರಿಗೆ ಇಲಾಖೆ 2025ರ ಜುಲೈನಲ್ಲಿ ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ.

ಇಷ್ಟು ಮಾತಾಡಿದ ಮೇಲೂ ಅವರೊಬ್ಬರ ಮೇಲೆಯೇ ನಿಲ್ಲುವುದು ತಪ್ಪು. ಒಬ್ಬರಿಂದ ಖರೀದಿ ಅರ್ಧ ಮೀರದಂತೆ ಆರು ತಿಂಗಳಲ್ಲಿ ಇಳಿಸಿಕೊಂಡು ಬನ್ನಿ. ಅದಕ್ಕೆ ಕಾರಣ ಬೆಲೆಯೊಂದೇ ಅಲ್ಲ: ತಿಂಗಳಲ್ಲಿ ಮೂರು ಸಲ ಅದೇ ಡಿಸೈನ್ ಕೇಳಿದರೆ ಯಾವುದು ಓಡುತ್ತಿದೆ ಎಂದು ನೀವೇ ಹೇಳಿಕೊಟ್ಟಂತೆ. ಬಾಕಿ ಅರ್ಧದಲ್ಲಿ ಒಂದು ಪಾಲು ಹತ್ತಿರದ ಮಗ್ಗಗಳಿಂದ ಬರಲಿ. ದೊಡ್ಡಬಳ್ಳಾಪುರದ ಪವರ್‌ಲೂಮ್ ಸೀರೆ, ರಬಕವಿ-ಬನಹಟ್ಟಿಯದು, ನಿಮಗೆ ದೂರವಿಲ್ಲದ ಮೊಳಕಾಲ್ಮೂರಿನ ರೇಷ್ಮೆ, ಇಳಕಲ್ ಸೀರೆ. ಇಲ್ಲೂ ಒಂದು ಕಟ್ಟುನಿಟ್ಟು: ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿಗೂ (ಉದ್ದದ ಎಳೆಗಳು) ಸೆರಗಿನ ಹಾಸಿಗೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸುತ್ತಾರೆ, ಪ್ರಿಂಟ್ ಮಾಡಿದ ತೋಪ್ ತೆನಿ (ಇಳಕಲ್ ಸೆರಗಿನ ಸಾಂಪ್ರದಾಯಿಕ ವಿನ್ಯಾಸ) ಸೆರಗಿನಲ್ಲಿ ಆ ಜೋಡಣೆ ಇರುವುದಿಲ್ಲ. ಪವರ್‌ಲೂಮ್‌ನದನ್ನು ಕೈಮಗ್ಗ ಎಂದು ಮಾರಬೇಡಿ. ಅಪ್ಪಟ ರೇಷ್ಮೆಗೆ ಸಿಲ್ಕ್ ಮಾರ್ಕ್ ಲೇಬಲ್ ಇರುವುದನ್ನೇ ಕೇಳಿ. ಮಗ್ಗದ ಸೀರೆಯಲ್ಲಿ ಬಂಡವಾಳ ಹೆಚ್ಚು ಕಾಲ ಸಿಕ್ಕಿಕೊಳ್ಳುತ್ತದೆ, ಒಂದೇ ಬಣ್ಣ ಮತ್ತೆ ಬೇಕೆಂದರೆ ವಾರಗಟ್ಟಲೆ ಕಾಯಬೇಕು. ತಿಂಗಳಿಗೆ 20-30 ಸಾವಿರದಿಂದ ಶುರು ಮಾಡಿ.

ಮಾರ್ಕೆಟ್‌ಪ್ಲೇಸ್ ಬಿಡಬೇಕೇ ಎಂದು ಕೇಳಿದ್ದೀರಿ. ಪೂರ್ತಿ ಬಿಡಬೇಡಿ, ಆದರೆ ಅಲ್ಲಿ ಇಡುವ ಮಾಲು ಬದಲಿಸಿ. ಕಳೆದ 90 ದಿನದ ಮಾರಾಟ ತೆಗೆದು, ಪ್ರತಿ ಡಿಸೈನ್‌ಗೂ ವಾಪಸಾತಿ ಕಳೆದ ಮೇಲಿನ ಲಾಭ ಬರೆಯಿರಿ. 30 ರೂಪಾಯಿಗಿಂತ ಕಡಿಮೆ ಬಂದದ್ದನ್ನು, ಲೆನ್ಸ್‌ನಲ್ಲಿ ಹುಡುಕಿದಾಗ ನಿಮಗಿಂತ 60 ರೂಪಾಯಿಗೂ ಹೆಚ್ಚು ಅಗ್ಗವಾಗಿ ಸಿಕ್ಕದ್ದನ್ನು ಅಲ್ಲಿಂದ ಇಳಿಸಿ. 600ರ ಒಳಗಿನ ಕ್ಯಾಟಲಾಗ್ ಜಾರ್ಜೆಟ್ ಬಹುತೇಕ ಹೋಗುತ್ತದೆ. ಉಡಲು ಸಿದ್ಧ ಸೀರೆ, ನಿಮಗೆ ಮಾತ್ರ ಕೊಟ್ಟ ಬಣ್ಣಗಳು, ಮಗ್ಗದ ಸೀರೆ ಅಲ್ಲಿರಲಿ. ಸಿದ್ಧ ಸೀರೆಯ ದರ ಅಲ್ಲಿ ಕಣ್ಣುಮುಚ್ಚಿ 899 ಇಡಬೇಡಿ. 'ಇಷ್ಟವಾಗಲಿಲ್ಲ' ಎಂಬ ವಾಪಸಾತಿಯನ್ನು ನಿಮ್ಮ ಗುಂಪಿನಲ್ಲಿ ತಡೆದಂತೆ ಅಲ್ಲಿ ತಡೆಯಲಾಗುವುದಿಲ್ಲ. ಆ ಖರ್ಚು ಸೇರಿಸಿಯೇ ಬೆಲೆ ಕಟ್ಟಿ. ಮಾರ್ಕೆಟ್‌ಪ್ಲೇಸ್ ನಿಮ್ಮ ಹಣದಲ್ಲಿ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ಜಿಎಸ್‌ಟಿ ಪಾಲು (ಟಿಸಿಎಸ್) 2024ರ ಜುಲೈ 10ರಿಂದ ಶೇ 0.5, ಆದಾಯ ತೆರಿಗೆಯ ಪಾಲು (ಟಿಡಿಎಸ್) ಅದೇ ವರ್ಷದ ಅಕ್ಟೋಬರ್‌ನಿಂದ ಶೇ 0.1 ಆಗಿದೆ. ಎರಡೂ ಖರ್ಚಲ್ಲ, ಕ್ಲೇಮ್ ಮಾಡಿದರೆ ಸಿಗುವ ದುಡ್ಡು. ಸಣ್ಣ ಮೊತ್ತ ಎಂದು ಬಿಡುವವರೇ ಹೆಚ್ಚು.

ಶುರು ಮಾಡಲು ವರಮಹಾಲಕ್ಷ್ಮಿ ಹಬ್ಬವೇ ಸರಿ. ಹಬ್ಬಕ್ಕೆ ಎಂಟು ವಾರ ಮೊದಲು ಸೂರತ್‌ಗೆ ಆದೇಶ ಹೋಗಬೇಕು, ಹಬ್ಬಕ್ಕೆ ಆರು ವಾರ ಇರುವಾಗಲೇ ಮಾಲು ದಾವಣಗೆರೆ ಮುಟ್ಟಬೇಕು. ಫಾಲ್ಸ್ ಮತ್ತು ಕುಚ್ಚಿಗೆ ಮೂರು ವಾರ ಹಿಡಿಯಿರಿ; ಒಬ್ಬರು ದಿನಕ್ಕೆ ನಾಲ್ಕೈದು ಸೀರೆಗಿಂತ ಹೆಚ್ಚು ನೀಟಾಗಿ ಮುಗಿಸಲಾರರು. ಹಬ್ಬಕ್ಕೆ ಹತ್ತು ದಿನ ಇರುವಾಗ ಕುಚ್ಚು ಹಾಕುವ ಹೊಸ ಆರ್ಡರ್ ನಿಲ್ಲಿಸಿ, ಬರೀ ಫಾಲ್ಸ್-ಜಿಗ್‌ಜಾಗ್ ಮಾತ್ರ ಎಂದು ಗುಂಪಿನಲ್ಲಿ ಹಾಕಿಬಿಡಿ.